ಉಸಿರಿಗೆ ನೆರವಾಗುವ ಮಾಸ್ಕ್: ಮುಖಕ್ಕೆ ಸರಿಹೊಂದಬೇಕು

ಅಫಜಲಪುರ ತಾಲೂಕಿನ ಗೊಬ್ಬೂರದಂಥ ಊರಿನ ಅಜ್ಜಿಯೊಬ್ಬರನ್ನು ನೆನೆಯಿರಿ. ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದು ಸಿ.ಓ.ಪಿ.ಡಿ. ಬಂದಿದೆ. ಅದು ಉಲ್ಬಣಿಸಿ, ಉಸಿರು ಸಿಗದೆ ಕಲಬುರಗಿಯ ಜಿಮ್ಸ್‌ನಂಥ ಆಸ್ಪತ್ರೆಗೆ ಬಂದರೆ, ಗಂಟಲಿಗೆ ನಳಿಕೆ ಇಳಿಸದೆ ಮಾಸ್ಕ್ ಮೂಲಕವೇ ಒತ್ತಡದಿಂದ ಗಾಳಿ ಕೊಡುವ ಚಿಕಿತ್ಸೆಯಿದೆ. ಮಾಸ್ಕ್ ಹೊಂದದೆ ರೋಗಿ ಅದನ್ನು ಕಿತ್ತುಹಾಕುತ್ತಿದ್ದರೆ ಚಿಕಿತ್ಸೆ ವಿಫಲವಾಗಿ ನಳಿಕೆಯೇ ಬೇಕಾಗಬಹುದು.

ಏದುಸಿರು ಬಿಡುವವರು ಬಾಯಿಂದ ಉಸಿರಾಡುತ್ತಾರೆ. ಮೂಗಿಗಷ್ಟೇ ಹಾಕುವ ಮಾಸ್ಕ್ ಆದರೆ ಗಾಳಿ ಬಾಯಿಂದ ಸೋರುತ್ತದೆ. ಆದ್ದರಿಂದ ವೈದ್ಯರು ಸಾಮಾನ್ಯವಾಗಿ ಮೂಗು, ಬಾಯಿ ಎರಡನ್ನೂ ಮುಚ್ಚುವ ಮಾಸ್ಕನ್ನು ಮೊದಲು ಆರಿಸುತ್ತಾರೆ. ಅಳತೆ ದೊಡ್ಡದಾದರೆ ಗಾಳಿ ಕಣ್ಣಿಗೆ ಬಡಿಯುತ್ತದೆ; ಪಟ್ಟಿ ಅತಿಯಾಗಿ ಬಿಗಿದರೆ ಮೂಗಿನ ಮೇಲೆ ಹುಣ್ಣಾಗುತ್ತದೆ. ಹುಣ್ಣಾದವರಿಗೆ ಇಡೀ ಮುಖ ಮುಚ್ಚುವ ಮಾಸ್ಕ್ ಹಾಕಬಹುದು. ಅಲ್ಪ ಸೋರಿಕೆಯನ್ನು ಯಂತ್ರವೇ ಸರಿದೂಗಿಸುತ್ತದೆ.

ರೋಗಿಯ ಬಳಿ ಇರುವವರು ಹಾಗೂ ನೋಡಲು ಹೋಗುವವರು ಗಮನಿಸಿರಿ: ಮಾಸ್ಕ್ ಅಥವಾ ಕೊಳವೆಯಲ್ಲಿರುವ ಸಣ್ಣ ರಂಧ್ರಗಳನ್ನು ಮುಚ್ಚಬೇಡಿರಿ, ಬಿಟ್ಟ ಉಸಿರು ಹೊರಹೋಗುವುದು ಅಲ್ಲಿಂದಲೇ. ಮಾಸ್ಕ್ ಇರುವಾಗ ನೀರು, ಊಟ ಕೊಡಬೇಡಿರಿ. ವಾಂತಿಯಾದರೆ ಕೂಡಲೇ ಮಾಸ್ಕ್ ತೆಗೆದು ನರ್ಸನ್ನು ಕರೆಯಿರಿ. ರೋಗಿ ಮಂಕಾದರೂ ತಡಮಾಡದೆ ತಿಳಿಸಿರಿ. ಹೆದರಿದ ಜೀವಕ್ಕೆ ಕೈಹಿಡಿದು ಹೇಳುವ ಧೈರ್ಯವೂ ಚಿಕಿತ್ಸೆಯ ಭಾಗ.