ತೊಂಬತ್ತಮೂರು ಪಟ್ಟಿನ ಜೋಡಿ

ಸೆಕೆಂಡಿಗೆ 1.127 ಲಕ್ಷ ಕೋಟಿ ಲೆಕ್ಕ. ಕೂಡು, ಗುಣಿಸು, ಕೂಡು, ಗುಣಿಸು. ಕರ್ನಾಟಕ ಸರ್ಕಾರದ 2025-26ರ ಬಜೆಟ್ಟು 4.09 ಲಕ್ಷ ಕೋಟಿ ರೂಪಾಯಿ. ಲೆಕ್ಕಕ್ಕೆ ಒಂದು ರೂಪಾಯಿಯಂತೆ ಕೂಲಿ ಕೊಡುತ್ತಾ ಹೋದರೆ ನಾಲ್ಕು ಸೆಕೆಂಡ್ ಮುಗಿಯುವ ಮೊದಲೇ ಖಜಾನೆ ಖಾಲಿ! ಭೂಮಿಯ ಮೇಲಿರುವ 800 ಕೋಟಿ ಜನರನ್ನೂ, ತೊಟ್ಟಿಲ ಕೂಸುಗಳನ್ನೂ ಬಿಡದೆ, ಸಾಲಾಗಿ ಕೂರಿಸಿ ಸೆಕೆಂಡಿಗೊಂದು ಲೆಕ್ಕ ಮಾಡಿಸಿದರೂ ಈ ಯಂತ್ರದ ಒಂದು ಸೆಕೆಂಡಿನ ಕೆಲಸ ಮುಗಿಸಲು 2 ನಿಮಿಷ 21 ಸೆಕೆಂಡ್ ಬೇಕು. ಒಬ್ಬನೇ ಕೂತು ಮಾಡುತ್ತೇನೆಂದು ಹಟ ಹಿಡಿದರೆ 35,700 ವರ್ಷ, ಅದೂ ಊಟ ನಿದ್ದೆ ಬಿಟ್ಟು.

ಇದ್ಯಾವ ಸೂಪರ್ ಕಂಪ್ಯೂಟರ್ ಅಂದಿರಾ? ಎನ್‌ವಿಡಿಯಾ ಕಂಪನಿಯ ಜಿಟಿ 1030. 2017ರಲ್ಲಿ ಬಂದ, ಅಂಗೈಯಗಲದ, 30 ವ್ಯಾಟ್ ಕುಡಿಯುವ ಗ್ರಾಫಿಕ್ಸ್ ಕಾರ್ಡ್. ಗೇಮ್ ಆಡುವವರ ಮುಂದೆ ಇದರ ಹೆಸರೆತ್ತಿದರೆ ಮೂಗು ಮುರಿಯುತ್ತಾರೆ. ಅವರ ಪ್ರಕಾರ ಇದು ಕಾರ್ಡೇ ಅಲ್ಲ, ಪರದೆಗೆ ವೈರು ಸಿಕ್ಕಿಸಲು ಇರುವ ತೂತು.

ಅವರು ಹಾಗೆ ಹೇಳಲು ಕಾರಣವಿದೆ. 2025ರ ಜನವರಿಯಲ್ಲಿ ಅದೇ ಕಂಪನಿ ಆರ್‌ಟಿಎಕ್ಸ್ 5090 ಎಂಬುದನ್ನು ಮಾರುಕಟ್ಟೆಗೆ ಬಿಟ್ಟಿತು. ಸೆಕೆಂಡಿಗೆ 104.8 ಲಕ್ಷ ಕೋಟಿ ಲೆಕ್ಕ! ಈಗ ಕರ್ನಾಟಕದ ಖಜಾನೆ ಸಾಲದು, ದೆಹಲಿಗೆ ಹೋಗಬೇಕು. ಅಲ್ಲಿ 2025-26ರ ಕೇಂದ್ರ ಬಜೆಟ್ಟು 50.65 ಲಕ್ಷ ಕೋಟಿ ರೂಪಾಯಿ. ಅರ್ಧ ಸೆಕೆಂಡಿನಲ್ಲಿ ಅದೂ ಮುಗಿಯಿತು. 800 ಕೋಟಿ ಜನ ಮತ್ತೆ ಕೂತರೆ ಈ ಸಲ 3 ಗಂಟೆ 38 ನಿಮಿಷ ಏಳುವಂತಿಲ್ಲ. ಒಬ್ಬನೇ ಕೂತವನಿಗಂತೂ 33 ಲಕ್ಷ ವರ್ಷ. ಇಥಿಯೋಪಿಯಾದಲ್ಲಿ ಸಿಕ್ಕ ಆದಿಮಾನವ ಹೆಣ್ಣಿನ ಪಳೆಯುಳಿಕೆ 'ಲೂಸಿ'ಯ ವಯಸ್ಸು ಸುಮಾರು 32 ಲಕ್ಷ ವರ್ಷ. ಅಂದರೆ ಇವತ್ತಿಗೆ ಲೆಕ್ಕ ಮುಗಿಯಬೇಕಾದರೆ ಲೂಸಿ ಹುಟ್ಟುವುದಕ್ಕೂ ಒಂದು ಲಕ್ಷ ವರ್ಷ ಮೊದಲೇ ಶುರುಮಾಡಿರಬೇಕಿತ್ತು.

ಈ ಎರಡು ಕಾರ್ಡುಗಳನ್ನೂ ಒಂದೇ ಕಂಪ್ಯೂಟರಿಗೆ ಹಾಕುವವರಿದ್ದಾರೆ ಎಂಬುದು ಈ ಕಥೆಯ ನಿಜವಾದ ಸೋಜಿಗ.

ಹುಚ್ಚೇ ಎಂದು ಕೇಳಬಹುದು. ಹುಚ್ಚಲ್ಲ. 'ಮಿರರ್ಸ್ ಎಡ್ಜ್', 'ಬ್ಯಾಟ್‌ಮನ್: ಆರ್ಕಮ್ ಸಿಟಿ', 'ಬಾರ್ಡರ್‌ಲ್ಯಾಂಡ್ಸ್ 2' ಮುಂತಾದ ಹಳೆಯ ಆಟಗಳಲ್ಲಿ ಹೊಗೆ, ಹಾರುವ ಕಾಗದ, ಒಡೆದ ಗಾಜಿನ ಚೂರು, ಇವನ್ನೆಲ್ಲ ಲೆಕ್ಕ ಹಾಕಿ ಚಲಿಸುವಂತೆ ಮಾಡುವುದು ಫಿಸ್‌ಎಕ್ಸ್ ಎಂಬ ವ್ಯವಸ್ಥೆ. ಅದರ 32 ಬಿಟ್ ರೂಪಕ್ಕೆ 5090 ಬಂದಾಗ ಬೆಂಬಲವೇ ಇರಲಿಲ್ಲ. ಕಾರ್ಡ್ ಕೈಯೆತ್ತಿತು, ಕೆಲಸ ಪ್ರೊಸೆಸರಿನ ತಲೆಗೆ ಬಿತ್ತು, ಹತ್ತು ಹದಿನೈದು ವರ್ಷ ಹಳೆಯ ಆಟ ಜಗತ್ತಿನ ಅತಿ ವೇಗದ ಗೇಮಿಂಗ್ ಕಾರ್ಡಿನ ಮೇಲೆ ತಿಣುಕತೊಡಗಿತು. ಎರಡು ಸಾವಿರ ಡಾಲರ್ ಸುರಿದವರು ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ 1030ರಂಥ ಹಳೆಯ ಪುಟ್ಟ ಕಾರ್ಡುಗಳನ್ನು ತೆಗೆದು, ಪಕ್ಕದ ಸ್ಲಾಟಿಗೆ ಸಿಕ್ಕಿಸಿ, ಹೊಗೆಯ ಕೆಲಸವನ್ನು ಅವಕ್ಕೆ ವಹಿಸಿದರು. ಆಟ ಓಡಿತು! 2025ರ ಕೊನೆಗೆ ಆಯ್ದ ಕೆಲವು ಆಟಗಳಿಗೆ ಕಂಪನಿಯೇ ಹೊಸ ಡ್ರೈವರಿನಲ್ಲಿ ಪರಿಹಾರ ಕೊಟ್ಟಿತಾದರೂ, ಅಷ್ಟರೊಳಗೆ ಈ ವಿಚಿತ್ರ ಮದುವೆಗಳು ನಡೆದುಹೋಗಿದ್ದವು.

104.8ಕ್ಕೂ 1.127ಕ್ಕೂ ಇರುವ ಅಂತರ 93 ಪಟ್ಟು. 93 ಪಟ್ಟು ಎಂದರೆ ಎಷ್ಟು? ಮೈಸೂರು ದಸರೆಯಲ್ಲಿ ಅಂಬಾರಿ ಹೊರುವ ಆನೆ 5 ಟನ್ ತೂಗುತ್ತದೆ ಎಂದುಕೊಳ್ಳಿ. ಅದನ್ನು 93ರಿಂದ ಭಾಗಿಸಿದರೆ 53 ಕಿಲೋ ಚಿಲ್ಲರೆ ಬರುತ್ತದೆ. ಅದು ಕತ್ತಿನ ಮೇಲೆ ಕೂತ ತೆಳ್ಳಗಿನ ಮಾವುತನ ತೂಕ. ಇಷ್ಟು ಸರಿಯಾಗಿ ಹೊಂದುವ ಭಾಗಾಕಾರ ಎಲ್ಲರಿಗೂ ಸಿಗುವುದಿಲ್ಲ. ಆನೆ ಒಂದು ಕಾಲು ಎತ್ತಲಾರದೆ ನಿಂತಾಗ ಮಾವುತನೇ ಇಳಿದು ಆ ಕಾಲನ್ನು ಎತ್ತಿಟ್ಟ ಹಾಗಾಯಿತು ಇದು.

ಒಳಗಿನ ಕೋರುಗಳನ್ನು ಎಣಿಸಿದರೆ 1030ರಲ್ಲಿ 384, 5090ರಲ್ಲಿ 21,760. ಟ್ರಾನ್ಸಿಸ್ಟರುಗಳನ್ನು ಎಣಿಸಲು ಹೋಗಬೇಡಿ. ಹೋಗಲೇಬೇಕೆಂದರೆ ಮೊದಲು ಚಿಕ್ಕದರಿಂದ ಶುರುಮಾಡಿ: 180 ಕೋಟಿ. ಹುಟ್ಟಿದ ಕ್ಷಣದಿಂದ ಸೆಕೆಂಡಿಗೊಂದರಂತೆ ಎಣಿಸಿದ ಮಗು 57 ತುಂಬಿದಾಗ ಎದ್ದು ಮೈ ಮುರಿಯಬಹುದು. ಸರ್ಕಾರಿ ನೌಕರಿಯಲ್ಲಿದ್ದರೆ ನಿವೃತ್ತಿಗೆ ಇನ್ನೂ ಮೂರು ವರ್ಷ ಬಾಕಿ ಇರುತ್ತದೆ. ದೊಡ್ಡದರಲ್ಲಿ 9,220 ಕೋಟಿ. ಇದಕ್ಕೆ 2,922 ವರ್ಷ. ಇಂದಿಗೆ ಮುಗಿಯಬೇಕಾದ ಎಣಿಕೆಯನ್ನು ಬುದ್ಧ ಹುಟ್ಟುವುದಕ್ಕೂ ಕೆಲವು ಶತಮಾನ ಮೊದಲೇ ಆರಂಭಿಸಿರಬೇಕು. ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ಕೊರೆಯುವಾಗ ಕಾಲು ಭಾಗವೂ ಆಗಿರುವುದಿಲ್ಲ. ಹಲ್ಮಿಡಿ ಶಾಸನದ ಹೊತ್ತಿಗೆ, ಕನ್ನಡ ಕಲ್ಲಿನ ಮೇಲೆ ಮೂಡುವಾಗ, ಅರ್ಧವೂ ಮುಟ್ಟಿರುವುದಿಲ್ಲ.

ಈ 9,220 ಕೋಟಿಯೂ ಕೂತಿರುವ ಜಾಗ 750 ಚದರ ಮಿಲಿಮೀಟರ್. ಚದರ ಮಿಲಿಮೀಟರಿಗೆ 12 ಕೋಟಿಗೂ ಹೆಚ್ಚು. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6.11 ಕೋಟಿ, ಹೆಚ್ಚುಕಡಿಮೆ ಒಂದು ರಾಗಿಕಾಳು ಕೂರುವಷ್ಟು ಜಾಗದಲ್ಲಿ ಎರಡು ಕರ್ನಾಟಕ.

ವೇಗದ ಮಾತಿಗೆ ಬಂದರೆ ಚಿಕ್ಕದು ಅಷ್ಟೇನೂ ಸೋಲುವುದಿಲ್ಲ, ಇದು ನನಗೆ ಬಹಳ ಹಿಡಿಸಿದ ಸಂಗತಿ. 1030ರ ಗಡಿಯಾರ ಸೆಕೆಂಡಿಗೆ 147 ಕೋಟಿ ಸಲ ಮಿಡಿದರೆ 5090ರದ್ದು 241 ಕೋಟಿ. ಎರಡು ಪಟ್ಟೂ ಇಲ್ಲ. ಬೆಳಕು ಸೆಕೆಂಡಿಗೆ ಭೂಮಿಯನ್ನು ಏಳೂವರೆ ಸಲ ಸುತ್ತುತ್ತದಲ್ಲ, ಅಂಥ ಬೆಳಕು 1030ರ ಒಂದು ಮಿಡಿತದಲ್ಲಿ ಓಡುವುದು ಬರೀ 20 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಗೇಣು. 5090ರ ಒಂದು ಮಿಡಿತದಲ್ಲಿ 12 ಸೆಂಟಿಮೀಟರ್ ದಾಟಿ ಸುಸ್ತು. ಎನ್‌ವಿಡಿಯಾ ತಾನೇ ಮಾಡಿದ 5090ರ ಉದ್ದ 30 ಸೆಂಟಿಮೀಟರು. ಬೆಳಕು ಆ ಕಾರ್ಡನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟುವುದರೊಳಗೆ ಅದು ಎರಡು ಸಲ ಮಿಡಿದು ಮೂರನೆಯದರ ನಡುವೆ ಇರುತ್ತದೆ!

ಬೇರೆ ಬೇರೆ ಜಾತಿಯ ಎರಡು ಕಾರ್ಡ್ ಕೂಡಿಸುವುದು ಹೊಸ ಚಾಳಿಯಲ್ಲ. 1996ರಲ್ಲಿ ಬಂದ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡಿಗೆ ಮಾಮೂಲಿ ಪರದೆ ಮೂಡಿಸಲು ಬರುತ್ತಲೇ ಇರಲಿಲ್ಲ; ಅದಕ್ಕಾಗಿ ಪಕ್ಕದಲ್ಲಿ ಇನ್ನೊಂದು ಕಾರ್ಡ್ ಇರಲೇಬೇಕಿತ್ತು. ಸಾಮಾನ್ಯವಾಗಿ ಅದರ ಮೆಮೊರಿ 4 ಎಂಬಿ. 5090ರದ್ದು 32 ಜಿಬಿ, ಅಂದರೆ 8,192 ವೂಡೂಗಳು. 2004ರಲ್ಲಿ ಎನ್‌ವಿಡಿಯಾ ಎಸ್‌ಎಲ್‌ಐ ಎಂಬ ಜೋಡಣೆ ತಂದಾಗ ಮಾತ್ರ ಜಾತಕ ಕೂಡಲೇಬೇಕು, ಎರಡೂ ಒಂದೇ ಮಾದರಿಯಾಗಬೇಕು ಎಂದಿತು. 2015ರಲ್ಲಿ ಡೈರೆಕ್ಟ್‌ಎಕ್ಸ್ 12 ಎಂಬ ತಂತ್ರಾಂಶ ಆ ಮಡಿಯನ್ನು ಮುರಿಯಿತು. 'ಆ್ಯಶಸ್ ಆಫ್ ದ ಸಿಂಗ್ಯುಲಾರಿಟಿ' ಆಟದಲ್ಲಿ ಎನ್‌ವಿಡಿಯಾದ 980 ಟಿಐ ಮತ್ತು ಬದ್ಧ ವೈರಿ ಎಎಂಡಿಯ ಫ್ಯೂರಿ ಎಕ್ಸ್ ಒಂದೇ ಡಬ್ಬಿಯಲ್ಲಿ ದುಡಿದವು. ಪರೀಕ್ಷೆಯಲ್ಲಿ ಬೆರಕೆ ಜೋಡಿಯೇ ಸಜಾತಿ ಜೋಡಿಗಳನ್ನು ಹಿಂದಿಕ್ಕಿತು. ಆ ಇಬ್ಬರ ಟ್ರಾನ್ಸಿಸ್ಟರುಗಳನ್ನು ಕೂಡಿಸಿದರೆ 1,690 ಕೋಟಿ. ಅಂಥ ಐದು ಜೋಡಿಗಳು ಇಂದಿನ ಒಂಟಿ 5090ರ ಹೊಟ್ಟೆಯೊಳಗೆ ಹಿಡಿಸುತ್ತವೆ.

ಈಗ ಒಂದು ಚಿತ್ರದ ಲೆಕ್ಕ. 4ಕೆ ಪರದೆಯಲ್ಲಿ 82,94,400 ಚುಕ್ಕಿಗಳು, ಚುಕ್ಕಿಗೆ 4 ಬೈಟ್, ಚಿತ್ರಕ್ಕೆ 3.3 ಕೋಟಿ ಬೈಟ್. ಈ ಒಂದೇ ಒಂದು ಚಿತ್ರವನ್ನು ಇಟ್ಟುಕೊಳ್ಳಲು ಎಂಟು ವೂಡೂ ಕಾರ್ಡಿನ ಮೆಮೊರಿ ಬೇಕಿತ್ತು. 5090 ತನ್ನ ಮೆಮೊರಿಯಿಂದ ಸೆಕೆಂಡಿಗೆ 1.79 ಲಕ್ಷ ಕೋಟಿ ಬೈಟ್ ಸೆಳೆಯುತ್ತದೆ, ಅಂದರೆ ಅಂಥ 54,000 ಚಿತ್ರ. ಎರಡೂವರೆ ಗಂಟೆಯ ಒಂದು ಸಿನಿಮಾವನ್ನು, ಹಾಡು ಫೈಟು ಕ್ಲೈಮ್ಯಾಕ್ಸ್ ಎಲ್ಲ ಸೇರಿಸಿ, ಒಂದು ಚುಕ್ಕಿಯನ್ನೂ ಕುಗ್ಗಿಸದೆ, 4 ಸೆಕೆಂಡಿನಲ್ಲಿ ಸಾಗಿಸಿಬಿಡುತ್ತದೆ. ಅದೇ ಸಿನಿಮಾ 1030ರ ಮನೆಗೆ ಹೋಗಬೇಕಾದರೆ? ಆ ಪುಟ್ಟ ಕಾರ್ಡಿಗೆ ಮದರ್‌ಬೋರ್ಡಿನ ಕಡೆಯಿಂದ ಇರುವ ದಾರಿ ನಾಲ್ಕೇ ಲೇನ್, ಸೆಕೆಂಡಿಗೆ 394 ಕೋಟಿ ಬೈಟ್, ಅದೂ ಕಾಗದದ ಮೇಲೆ. 455 ಮೀಟರ್ ಅಗಲದ ಹೊಳೆಯನ್ನು 1 ಮೀಟರಿನ ಕಾಲುವೆಗೆ ತಿರುಗಿಸಿದಂತೆ. ಸಿನಿಮಾ ದಾಟಲು 30 ನಿಮಿಷ ಬೇಕು.

ಹಾಗಾಗಿ ಈ ಜೋಡಿ ಹೊಗೆಗೆ, ಕಾಗದದ ಚೂರಿಗೆ ಸರಿ. ಆ ಲೆಕ್ಕಗಳಲ್ಲಿ ಇಡೀ ಚಿತ್ರ ದಾಟಬೇಕಾಗಿಲ್ಲ. ಆದರೆ ಈಗ ಇನ್ನೊಂದು ಬಗೆಯ ಬೆರಕೆ ಜೋಡಿ ಬಂದಿದೆ: ಒಂದು ಕಾರ್ಡ್ ಆಟವನ್ನು ಬಿಡಿಸುತ್ತದೆ, 'ಲಾಸ್‌ಲೆಸ್ ಸ್ಕೇಲಿಂಗ್' ಎಂಬ ತಂತ್ರಾಂಶದ ನೆರವಿನಿಂದ ಇನ್ನೊಂದು ಕಾರ್ಡ್ ಎರಡು ಚಿತ್ರಗಳ ನಡುವೆ ಹೊಸ ಚಿತ್ರಗಳನ್ನು ಊಹಿಸಿ ತುರುಕುತ್ತದೆ. ಒಂದನ್ನು ಇಪ್ಪತ್ತರವರೆಗೆ ಹಿಗ್ಗಿಸುವ ಸೌಲಭ್ಯವೂ ಅದರಲ್ಲಿದೆ. ಅಲ್ಲಿ ಪ್ರತಿ ಚಿತ್ರವೂ ಆ ಕಾಲುವೆಯಲ್ಲೇ ಹೋಗಬೇಕು. ಸೆಕೆಂಡಿಗೆ 120 ಚಿತ್ರಗಳಿಗೆ 398 ಕೋಟಿ ಬೈಟ್ ಬೇಕು, ಇರುವುದು 394 ಕೋಟಿ. 118 ಚಿತ್ರಗಳು ದಾಟುತ್ತವೆ, 119ನೆಯದು ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ! ಈ ಕೆಲಸಕ್ಕೆ ಕೊಂಚ ದೊಡ್ಡ ಜೊತೆಗಾರನನ್ನೇ ಹುಡುಕಬೇಕು.

ಕರೆಂಟ್ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ತಿಂಗಳ ಗರಿಷ್ಠ ಮಿತಿಯಾದ 200 ಯೂನಿಟ್ಟನ್ನು 575 ವ್ಯಾಟಿನ 5090 ಎಡೆಬಿಡದೆ ಓಡಿದರೆ ಹದಿನಾಲ್ಕೂವರೆ ದಿನದಲ್ಲಿ ಕುಡಿದು ಮುಗಿಸುತ್ತದೆ. 1030 ಅಷ್ಟನ್ನೇ 278 ದಿನ ಚಪ್ಪರಿಸುತ್ತದೆ.

ಇನ್ನು ಈ ಲೆಕ್ಕಗಳಿಗಿಂತ ದೊಡ್ಡದಕ್ಕೆ ಹೋಗಬೇಕೆಂದರೆ ವಿಶ್ವವೊಂದೇ ಉಳಿದಿರುವುದು. ಅದರ ವಯಸ್ಸು ಸುಮಾರು 1,380 ಕೋಟಿ ವರ್ಷ. ಆ ವರ್ಷಗಳನ್ನೆಲ್ಲ ಸೆಕೆಂಡುಗಳಿಗೆ ಒಡೆದರೆ 435ರ ಮುಂದೆ 15 ಸೊನ್ನೆ. ಮಹಾಸ್ಫೋಟದಿಂದ ಈ ಸಾಲು ಓದುತ್ತಿರುವ ನಿಮ್ಮವರೆಗೆ ಕಳೆದ ಒಂದೊಂದು ಸೆಕೆಂಡಿಗೂ ಒಂದೊಂದು ಲೆಕ್ಕ ಮಾಡಿ ಎಂದು ನಮ್ಮ ಜೋಡಿಗೆ ಹೇಳೋಣ. ಸಂಜೆ ಏಳಕ್ಕೆ ಶುರುಮಾಡಿದರೆ ಎಂಟು ಗಂಟೆ ಒಂಬತ್ತು ನಿಮಿಷದ ಹೊತ್ತಿಗೆ ಮುಗಿದಿರುತ್ತದೆ. 5090 ಒಂದನ್ನೇ ಬಿಟ್ಟಿದ್ದರೂ ಹೆಚ್ಚುಕಡಿಮೆ ಅಷ್ಟೇ ಬೇಗ ಮುಗಿಯುತ್ತಿತ್ತು. 1030ರ ಸಹಾಯದಿಂದ ಉಳಿದದ್ದು 44 ಸೆಕೆಂಡ್ ಮಾತ್ರ. ಆದರೆ ಆ ಒಂದು ಗಂಟೆ ಚಿಲ್ಲರೆಯಲ್ಲಿ ಮೂಗು ಮುರಿಸಿಕೊಂಡ ಪುಟ್ಟ ಕಾರ್ಡ್ ತನ್ನ ಪಾಲಿಗೆ ಎಣಿಸಿ ಒಪ್ಪಿಸಿರುವುದು 14 ಕೋಟಿ 68 ಲಕ್ಷ ವರ್ಷಗಳ ಸೆಕೆಂಡುಗಳನ್ನು: ಡೈನೋಸಾರುಗಳು ಅಳಿಯುವುದಕ್ಕೆ ಇನ್ನೂ ಎಂಟು ಕೋಟಿ ವರ್ಷ ಬಾಕಿಯಿದ್ದ ದಿನದಿಂದ ಇವತ್ತು ಸಂಜೆ ಏಳರವರೆಗೆ.