ಮಂದಣ್ಣನ ಪಾರ್ಟು ಯಾರಿಗೆ?

ಒಳ್ಳೆಯ ಕಾದಂಬರಿ ಓದಿ ಮುಗಿಸಿದವರಿಗೆ ಪುಕ್ಕಟೆಯಾಗಿ ಒಂದು ಕೆಲಸ ಸಿಗುತ್ತದೆ. ಇದು ಸಿನಿಮಾ ಆದರೆ ಯಾವ ಪಾತ್ರ ಯಾರು ಮಾಡಬೇಕು ಎಂದು ಹಂಚುವ ಕೆಲಸ. ಸಂಬಳವಿಲ್ಲ, ಜವಾಬ್ದಾರಿಯೂ ಇಲ್ಲ. ಆದರೂ ಇದಕ್ಕಾಗಿ ಸ್ನೇಹಿತರ ನಡುವೆ ಜಗಳವೇ ಆಗುವುದುಂಟು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯವರಿಗೆ ಈ ವಿದ್ಯೆ ಹೊಸದೇನಲ್ಲ. ಊರ ನಾಟಕಕ್ಕೆ ಪಾರ್ಟು ಹಂಚುವುದೆಂದರೆ ಅರ್ಧ ಪಂಚಾಯಿತಿ ಸೇರಿದಂತೆ. ಕಂಠ ಇದ್ದವನಿಗೆ ಒಂದು ಪಾರ್ಟು, ಮೈಕಟ್ಟು ಇದ್ದವನಿಗೆ ಇನ್ನೊಂದು, ಖರ್ಚಿಗೆ ಹೆಚ್ಚು ಹಣ ಹಾಕಿದವನಿಗೆ ಎಲ್ಲಕ್ಕಿಂತ ದೊಡ್ಡದು! ಪೇಟಿ ಮಾಸ್ತರು ತಲೆಯಾಡಿಸಿದರೆ ಮುಗಿಯಿತು. ಹೀಗೆ ಹಂಚುವಾಗ ಊರು ತನಗೆ ತಿಳಿಯದಂತೆಯೇ ಒಂದು ಮಾತು ಹೇಳುತ್ತಿರುತ್ತದೆ: ರಾಜನೆಂದರೆ ಹೀಗಿರಬೇಕು, ಸೇವಕನೆಂದರೆ ಹೀಗಿರಬೇಕು. ಹಾಗಾದರೆ ವಿಜ್ಞಾನಿ ಎಂದರೆ ಹೇಗಿರಬೇಕು? ಪ್ರಶ್ನೆ ಅಲ್ಲಿದೆ.

ಪಶ್ಚಿಮದವರು ಈ ಹಂಚಿಕೆಯನ್ನು ಬಹಳ ಗಂಭೀರವಾಗಿ ಮಾಡುತ್ತಾರೆ. 1977ರಲ್ಲಿ 'ಸ್ಟಾರ್ ವಾರ್ಸ್' ಚಿತ್ರ ಬಂದ ಮೇಲೆ ಅದೇ ಕಥಾಲೋಕವನ್ನು ಮುಂದುವರಿಸುವ ಕಾದಂಬರಿಗಳು ಸಾಲುಸಾಲಾಗಿ ಬಂದವು. 1991ರಲ್ಲಿ ತಿಮೋತಿ ಝಾನ್ ಎಂಬ ಲೇಖಕರು ಅಂಥದೊಂದು ಕಾದಂಬರಿಯಲ್ಲಿ ಥ್ರಾನ್ ಎಂಬ ಸೇನಾನಿಯನ್ನು ಸೃಷ್ಟಿಸಿದರು. ನೀಲಿ ಮೈ, ಕೆಂಪು ಕಣ್ಣು, ಶತ್ರುವಿನ ಕಲೆಯನ್ನು ಅಭ್ಯಾಸ ಮಾಡಿ ಅವನ ಮನಸ್ಸನ್ನು ಓದುವ ಬುದ್ಧಿ. ಚಲನಚಿತ್ರದಲ್ಲಿ ಇಲ್ಲದ ಈ ಪಾತ್ರಕ್ಕೆ ಓದುಗರು ವರ್ಷಗಟ್ಟಲೆ ನಟರನ್ನು ಹುಡುಕಿದರು. ಡೆನ್ಮಾರ್ಕಿನ ಲಾರ್ಸ್ ಮಿಕೆಲ್ಸನ್ 2016ರಲ್ಲಿ ಕಾರ್ಟೂನ್ ಸರಣಿಯೊಂದರಲ್ಲಿ ಅದಕ್ಕೆ ಧ್ವನಿ ಕೊಟ್ಟರು. 2023ರಲ್ಲಿ 'ಅಸೋಕಾ' ಸರಣಿಯಲ್ಲಿ ತಾವೇ ಬಣ್ಣ ಹಚ್ಚಿ ನಿಂತರು. ಕಾಗದದಿಂದ ತೆರೆಗೆ ಬರಲು ಆ ಪಾತ್ರಕ್ಕೆ 32 ವರ್ಷ ಬೇಕಾಯಿತು.

ನಮ್ಮಲ್ಲಿ ಇದಕ್ಕಿಂತ ದೀರ್ಘವಾದ ಕಾಯುವಿಕೆಯೊಂದಿದೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಬಂದದ್ದು 1980ರಲ್ಲಿ. ರಾಕೆಟ್ಟೂ ಇಲ್ಲ, ಅನ್ಯಗ್ರಹದವರೂ ಇಲ್ಲ. ಆದರೂ ವಿಜ್ಞಾನದ ಬೆರಗನ್ನು ಇಷ್ಟು ಚೆನ್ನಾಗಿ ಕಥೆ ಮಾಡಿದ ಕೃತಿ ಕನ್ನಡದಲ್ಲಿ ಇನ್ನೊಂದಿಲ್ಲ ಎಂದರೆ ನೀವು ಒಪ್ಪುತ್ತೀರಿ. ತೇಜಸ್ವಿಯವರ ಬೇರೆ ಕಥೆಗಳು ತೆರೆಗೆ ಬಂದವು. 1973ರಲ್ಲಿ 'ಅಬಚೂರಿನ ಪೋಸ್ಟಾಫೀಸು', 1986ರಲ್ಲಿ 'ತಬರನ ಕಥೆ', 2016ರಲ್ಲಿ 'ಕಿರಗೂರಿನ ಗಯ್ಯಾಳಿಗಳು', 2023ರಲ್ಲಿ 'ಡೇರ್‌ಡೆವಿಲ್ ಮುಸ್ತಾಫಾ'. 'ಕರ್ವಾಲೊ' ಮಾತ್ರ ರಂಗದ ಮೇಲೆ ಬಂದರೂ ಬೆಳ್ಳಿತೆರೆಗೆ ಬಂದಿಲ್ಲ. ಹೀಗಾಗಿ ಅದರ ಓದುಗರು ನಾಲ್ಕು ದಶಕಗಳಿಂದ ಪಾರ್ಟು ಹಂಚುತ್ತಲೇ ಇದ್ದಾರೆ.

ನಾನೂ ಹಂಚುತ್ತೇನೆ. ಕಥೆ ಹೇಳುವ ರೈತನ ಪಾತ್ರಕ್ಕೆ ಕಿಶೋರ್ ಇರಲಿ. ನಿಜ ಜೀವನದಲ್ಲೂ ಬೇಸಾಯ ಮಾಡುವ ನಟ. ಬೆಳೆಗಾರನ ಬೇಸರವನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಬಿರಿಯಾನಿ ಕರಿಯಪ್ಪನಿಗೆ ರಂಗಾಯಣ ರಘು. ಕಿವಿ ಎಂಬ ನಾಯಿಯ ಪಾತ್ರಕ್ಕೆ, 2022ರ '777 ಚಾರ್ಲಿ' ನೋಡಿದ ಮೇಲೆ, ಚಿಂತೆಯೇ ಇಲ್ಲ.

ವಿಜ್ಞಾನಿ ಕರ್ವಾಲೊ ಅವರಿಗೆ ನನ್ನ ಆಯ್ಕೆ ದತ್ತಣ್ಣ, ಅಂದರೆ ಎಚ್.ಜಿ. ದತ್ತಾತ್ರೇಯ. ನಮ್ಮ ನೆರೆಯ ಚಿತ್ರದುರ್ಗದವರು. ವಾಯುಪಡೆಯಲ್ಲಿ ಅಧಿಕಾರಿಯಾಗಿದ್ದವರು. 2019ರ ಹಿಂದಿ ಚಿತ್ರ 'ಮಿಷನ್ ಮಂಗಲ್'ನಲ್ಲಿ ಇಸ್ರೋ ವಿಜ್ಞಾನಿಯಾಗಿ ಬಂದರು. ಈಗ ಎಂಬತ್ತು ದಾಟಿದ ಅವರನ್ನು ಕಾಡು ಹತ್ತಿಸುವುದು ಕಷ್ಟವೆಂದು ನೀವು ತಕರಾರು ಮಾಡಬಹುದು. ಆದರೆ ಕರ್ವಾಲೊ ಪಾತ್ರಕ್ಕೆ ಬೇಕಾದ್ದು ಗದರದೆ, ಗತ್ತು ತೋರದೆ ಎದುರಿನವನ ಮಾತನ್ನು ಕಿವಿಗೊಟ್ಟು ಕೇಳುವ ಮುಖ. ಅದು ಅವರಲ್ಲಿದೆ.

ಹಾರುವ ಓತಿಯ ಪಾತ್ರಕ್ಕೆ ಕಂಪ್ಯೂಟರೇ ಗತಿ. ಇಲ್ಲಿ ವಿಜ್ಞಾನದ ಮಾಸ್ತರನಾಗಿ ಒಂದು ಎಚ್ಚರಿಕೆ ಹೇಳಬೇಕು. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಕೆ ತೋಟಗಳಲ್ಲಿ ನಿಜವಾಗಿಯೂ ಇರುವ ಹಾರುವ ಓತಿ ಬಾಲ ಸೇರಿ ಹೆಚ್ಚುಕಡಿಮೆ ಒಂದು ಗೇಣಿನ ಪ್ರಾಣಿ. ಆಹಾರ ಹೆಚ್ಚಾಗಿ ಇರುವೆ. ಅದು ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ. ಪಕ್ಕೆಲುಬುಗಳು ಉದ್ದವಾಗಿ ಚಾಚಿ, ಛತ್ರಿಯ ಕಡ್ಡಿ ಬಟ್ಟೆಯನ್ನು ಬಿಗಿದಂತೆ ಚರ್ಮವನ್ನು ಬಿಡಿಸುತ್ತವೆ. ಆ ಹರವಿನ ಮೇಲೆ ಗಾಳಿ ಒತ್ತುವುದರಿಂದ ಓತಿ ದೊಪ್ಪನೆ ಬೀಳದೆ ಒಂದು ಮರದಿಂದ ಇನ್ನೊಂದಕ್ಕೆ ತೇಲಿ ಇಳಿಯುತ್ತದೆ. ಕಾದಂಬರಿಯ ಓತಿ ಲಕ್ಷಾಂತರ ವರ್ಷಗಳ ಜೀವವಿಕಾಸದ ಗುಟ್ಟನ್ನು ಹೊತ್ತು ಬರುತ್ತದೆ, ನಿಜ. ಹಾಗೆಂದು ಅದನ್ನು ಗರ್ಜಿಸುವ ಡೈನೋಸಾರ್ ಮಾಡಿಬಿಟ್ಟರೆ ಕಥೆ ಅಲ್ಲಿಗೇ ಸತ್ತಿತು.

ಉಳಿದದ್ದು ಮಂದಣ್ಣ. ಎಲ್ಲಕ್ಕಿಂತ ಕಠಿಣ ಪಾತ್ರ ಇದು. ಜೇನಿನ ಮರ್ಮ ಬಲ್ಲವನು, ಮದುವೆಯ ತಾಪತ್ರಯದಲ್ಲಿ ಸಿಕ್ಕವನು, ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಬಿದ್ದವನು. ಊರ ಕಣ್ಣಿಗೆ ಪೆದ್ದ. ಆದರೆ ಹಾರುವ ಓತಿಯನ್ನು ಕಂಡ ಕಣ್ಣು ಅವನದು. ಅವನೊಳಗೆ ಹುಟ್ಟು ಪ್ರಕೃತಿವಿಜ್ಞಾನಿ ಇದ್ದಾನೆಂದು ಗುರುತಿಸಿದವರು ಕರ್ವಾಲೊ ಒಬ್ಬರೇ. ನಟ ಇದನ್ನು ಬರೀ ಹಾಸ್ಯ ಪಾತ್ರ ಮಾಡಿದರೆ ಸೋತ. ನನ್ನ ಮನಸ್ಸಿನಲ್ಲಿದ್ದವರು ಸಂಚಾರಿ ವಿಜಯ್. 'ನಾನು ಅವನಲ್ಲ... ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ, ಚಿಕ್ಕಮಗಳೂರು ಜಿಲ್ಲೆಯ ಮಣ್ಣಿನಲ್ಲೇ ಹುಟ್ಟಿದ ಆ ನಟ 2021ರ ಜೂನ್‌ನಲ್ಲಿ ಅಪಘಾತಕ್ಕೆ ಬಲಿಯಾದರು. ಅಂದಿನಿಂದ ನನ್ನ ಪಟ್ಟಿಯಲ್ಲಿ ಈ ಜಾಗ ಖಾಲಿ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಈ ಪಾರ್ಟು ಹಂಚಿಕೆ ತರಗತಿಯಲ್ಲಿ ನಡೆದಾಗ ಬೇರೆಯೇ ಅರ್ಥ ಪಡೆಯುತ್ತದೆ. 1983ರಲ್ಲಿ ಡೇವಿಡ್ ಚೇಂಬರ್ಸ್ ಎಂಬ ಸಂಶೋಧಕರು, ಪ್ರಾಥಮಿಕ ಶಾಲೆಯ 4,807 ಮಕ್ಕಳು ಬರೆದ ವಿಜ್ಞಾನಿಯ ಚಿತ್ರಗಳ ಅಧ್ಯಯನವನ್ನು ಪ್ರಕಟಿಸಿದರು. ಬಿಳಿ ಕೋಟು, ಕನ್ನಡಕ, ಗಡ್ಡ ಧಾರಾಳವಾಗಿದ್ದವು. ಮಹಿಳಾ ವಿಜ್ಞಾನಿ ಕಂಡದ್ದು 28 ಚಿತ್ರಗಳಲ್ಲಿ ಮಾತ್ರ. ಆ 28ನ್ನೂ ಬರೆದವರು ಹುಡುಗಿಯರು. ನಮ್ಮ ಮಕ್ಕಳೂ ಬೇರೆಯಲ್ಲ. 'ಕರ್ವಾಲೊ' ಕಥೆ ಹೇಳಿ ಪಾರ್ಟು ಹಂಚಿರೆಂದರೆ, ಕರ್ವಾಲೊ ಪಾರ್ಟು ಮೊದಲ ಬೆಂಚಿನ, ಇಂಗ್ಲಿಷ್ ಮಾತಾಡುವ ಹುಡುಗನಿಗೆ ಹೋಗುತ್ತದೆ. ಮಂದಣ್ಣನ ಪಾರ್ಟನ್ನು ಕೊನೆಯ ಬೆಂಚಿನ, ರಜೆಯಲ್ಲಿ ಕುರಿ ಕಾಯುವವನ ತಲೆಗೆ ನಗುತ್ತಾ ಕಟ್ಟುತ್ತಾರೆ. ಒಮ್ಮೆ ಮಾತ್ರ ಹುಡುಗಿಯೊಬ್ಬಳು ಎದ್ದು, "ಕರ್ವಾಲೊ ಮೇಡಂ ಆದ್ರೆ ಓತಿಕ್ಯಾತ ಹಾರಲ್ಲೇನ್ರಿ ಸಾರ್?" ಎಂದಳು. ತರಗತಿಯೆಲ್ಲ ನಕ್ಕಿತು. ಆಮೇಲೆ ಸುಮ್ಮನಾಯಿತು. ಆ ಪಾರ್ಟು ಅವಳಿಗೇ ಕೊಟ್ಟೆ.

ಮಕ್ಕಳು ನಗುತ್ತಾ ಕೊಟ್ಟ ಮಂದಣ್ಣನ ಪಾರ್ಟು ಅವಮಾನವಲ್ಲ, ಬಿರುದು ಎಂದು ಹೇಳಿಕೊಡುವುದೇ ದೊಡ್ಡ ಪಾಠ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯನ್ನೇ ನೋಡಿ. ಊರಿನ ಹೊಲಕ್ಕಾಗಿ ಕಟ್ಟಿದ ಕೆರೆ. ನೀರಲ್ಲಿ ನಿಂತ ಜಾಲಿ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟಿದವು. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ. ಯಾವ ಹಕ್ಕಿ ಯಾವ ತಿಂಗಳು ಬರುತ್ತದೆ, ಕರಡಿ ಯಾವ ಗುಡ್ಡದಿಂದ ಇಳಿಯುತ್ತದೆ ಎಂಬುದು ಅಲ್ಲಿನ ದನಗಾಹಿಗೆ ಗೊತ್ತು. ಅವನನ್ನು ಕೂರಿಸಿ ಕೇಳಿ ಬರೆದುಕೊಳ್ಳುವ ಕರ್ವಾಲೊ ಬೇಕು, ಅಷ್ಟೇ.

ಮುಂದೆ ಯಾರಾದರೂ ನಿರ್ದೇಶಕರು ಈ ಕಾದಂಬರಿಯನ್ನು ಕೈಗೆತ್ತಿಕೊಂಡರೆ ನನ್ನದೊಂದು ವಿನಂತಿ. ಕರ್ವಾಲೊ ಪಾತ್ರಕ್ಕೆ ಹೆಸರಾಂತ ನಟರನ್ನು ತನ್ನಿ, ಅಡ್ಡಿಯಿಲ್ಲ. ಮಂದಣ್ಣನನ್ನು ಹುಡುಕುವಾಗ ಮಾತ್ರ ನಮ್ಮ ಕಡೆಯ ಯಾವುದಾದರೂ ಶಾಲೆಯ ಕೊನೆಯ ಬೆಂಚನ್ನೂ ಒಮ್ಮೆ ನೋಡಿ.