ಮನೆಗೊಂದು ದಿನಚರಿ ಪುಸ್ತಕ



ಹೋದ ವರ್ಷ ನೀವು ರಾಗಿ ಬಿತ್ತಿದ್ದು ಯಾವ ದಿನ? ಅದರ ಹಿಂದಿನ ವರ್ಷ? ಬಿತ್ತನೆಗೆ ಮೊದಲು ಬಿದ್ದ ಹದಮಳೆ ಎಷ್ಟು? ಹಳ್ಳಿಯಿಂದ ಹಳ್ಳಿಗೆ ಹೋಗುವಾಗ ನಾನು ಈ ಪ್ರಶ್ನೆಗಳನ್ನು ಕೇಳುತ್ತಲೇ ಇರುತ್ತೇನೆ. "ಆರಿದ್ರೆ ಮಳೆಯಲ್ಲಿ ಇರಬೇಕು" ಎಂದು ಯಜಮಾನರು ಹೇಳುತ್ತಾರೆ. "ಅಲ್ಲ, ಪುನರ್ವಸು ಹುಟ್ಟಿದ ಮೇಲೆ" ಎಂದು ಒಳಗಿನಿಂದ ಮನೆಯವರು ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುವವರಲ್ಲ. ಆದರೆ ಒಂದು ಮಳೆ ನಕ್ಷತ್ರವೆಂದರೆ ಹದಿಮೂರು ಹದಿನಾಲ್ಕು ದಿನ. ಕುಂಟೆ ಹೊಡೆಯುವುದು, ಮೇಲುಗೊಬ್ಬರ ಕೊಡುವುದು, ಕೊಯ್ಲು, ಎಲ್ಲವನ್ನೂ ಬಿತ್ತನೆಯ ದಿನದಿಂದಲೇ ಎಣಿಸಬೇಕು. ಮೊದಲನೆಯ ದಿನವೇ ಮರೆತುಹೋದರೆ ಮುಂದಿನ ಎಣಿಕೆಗೆ ಬುಡವೇ ಇಲ್ಲದಂತಾಗುತ್ತದೆ.

ಆದುದರಿಂದ ಪ್ರತಿಯೊಂದು ಮನೆಯಲ್ಲಿಯೂ ಒಂದು ದಿನಚರಿ ಪುಸ್ತಕ ಇರಬೇಕೆಂದು ಹೇಳುವುದೇ ಈ ಲೇಖನದ ಉದ್ದೇಶ.

ನಮ್ಮ ಮನೆಯಲ್ಲಿ ನಡೆದದ್ದು

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಾನು ಕೃಷಿ ಡಿಪ್ಲೊಮಾ ಮುಗಿಸಿ ಊರಿಗೆ ಬಂದ ವರ್ಷದ ಮಾತು. ನಮ್ಮ ಕೆಂದ ಹಸು ಗಬ್ಬವಾಗಿತ್ತು. ಕೃತಕ ಗರ್ಭಧಾರಣೆ ಮಾಡಿಸಿದ್ದು ದೀಪಾವಳಿ ಕಳೆದ ಮೇಲೆ ಎಂದು ಅಪ್ಪ ಹೇಳಿದರು. ನಾನೂ ಅದನ್ನೇ ನಂಬಿ ಲೆಕ್ಕ ಹಾಕಿದೆ. ಹಸುವಿನ ಗಬ್ಬ ಸರಾಸರಿ 280 ದಿನ, ಎಂದರೆ ಸುಮಾರು ಒಂಬತ್ತು ತಿಂಗಳು ಹತ್ತು ದಿನ. ಆಗಸ್ಟ್ ನಡುವಿಗೆ ಕರು ಬರಬೇಕೆಂದಾಯಿತು. ಕರು ಹಾಕುವುದಕ್ಕೆ ಎರಡು ತಿಂಗಳು ಮೊದಲೇ ಹಾಲು ಕರೆಯುವುದನ್ನು ಬಿಡಿಸಬೇಕಾದುದರಿಂದ ಜೂನ್ ನಡುವಿನವರೆಗೂ ಹಾಲು ಕರೆದೆವು.

ಜುಲೈ ಮೊದಲನೆಯ ವಾರದಲ್ಲಿ ಒಂದು ರಾತ್ರಿ ಜಡಿಮಳೆ. ಕೊಟ್ಟಿಗೆಯಲ್ಲಿ ಯಾರೂ ಮಲಗಿರಲಿಲ್ಲ. ಬೆಳಗ್ಗೆ ಸಗಣಿ ಬಾಚಲು ಹೋದ ಅವ್ವ ಕೂಗಿಕೊಂಡರು. ಕರು ಒದ್ದೆ ನೆಲದ ಮೇಲೆ ತಣ್ಣಗಾಗಿ ಬಿದ್ದಿತ್ತು. ಹೆಣ್ಣು ಕರು. ಹಸು ಅದನ್ನು ನೆಕ್ಕುತ್ತಲೇ ಇತ್ತು.

ಗರ್ಭಧಾರಣೆ ಮಾಡಿಸಿದ ದಿನ ಕೊಟ್ಟಿದ್ದ ಚೀಟಿ ಆಮೇಲೆ ಸೂರಿನ ಸಂದಿಯಲ್ಲಿ ಸಿಕ್ಕಿತು. ಸೆಪ್ಟೆಂಬರ್ 29 ಎಂದಿತ್ತು. ಅದರಿಂದ ಎಣಿಸಿದರೆ ಜುಲೈ 6ಕ್ಕೆ 280 ದಿನ. ಹಸು ಲೆಕ್ಕ ತಪ್ಪಿರಲಿಲ್ಲ, ನಾವು ತಪ್ಪಿದ್ದೆವು. ಕೈಯಲ್ಲಿ ಡಿಪ್ಲೊಮಾ ಇದ್ದ ನಾನು ಒಂದು ತಾರೀಖನ್ನು ಬರೆದಿಟ್ಟುಕೊಳ್ಳಬೇಕೆಂದು ಮನೆಯವರಿಗೆ ಹೇಳಿರಲಿಲ್ಲ. ಅಂದು ಸಂಜೆಯೇ ನೂರು ಪುಟದ ನೋಟ್ ಬುಕ್ ತಂದು ಮೊದಲನೆಯ ಸಾಲು ಬರೆದೆ.

ಬರೆದಿಡುವುದು ನಮಗೆ ಹೊಸದಲ್ಲ

ನಮ್ಮ ಹಿರಿಯರು ಬರೆಯದವರೇನಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ ಕಡತ ಮಾಡುತ್ತಿದ್ದರು. ಶಾನುಭೋಗರೂ ವ್ಯಾಪಾರಿಗಳೂ ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಕಂದಾಯದ ಲೆಕ್ಕ ಹೀಗೆ ಬರಹಕ್ಕೆ ಬಂತು. ಆದರೆ ಒಕ್ಕಲು ಮಗನ ಮಳೆ, ಬೆಳೆ, ದನಕರುವಿನ ಲೆಕ್ಕ ಬಾಯಿಯಲ್ಲೇ ಉಳಿಯಿತು.

ದಿನದಿನದ ಸಣ್ಣ ಸಂಗತಿಗಳನ್ನು ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರದ ದೇಶದ ಒಂದು ಉದಾಹರಣೆ ಇದೆ. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ಇದ್ದನು. 1751ರಲ್ಲಿ ತನ್ನ ತೋಟದ ಕೆಲಸವನ್ನು ಬರೆಯತೊಡಗಿದನು. ಯಾವ ಬೀಜ ಯಾವಾಗ ಹಾಕಿದೆ, ಮಳೆ ಎಷ್ಟು, ಯಾವ ಹಕ್ಕಿ ಯಾವಾಗ ಬಂತು, ಸಾಕಿದ ಆಮೆ ಯಾವಾಗ ಮಣ್ಣಿನಿಂದ ಎದ್ದಿತು, ಎಲ್ಲವೂ ಅದರಲ್ಲಿ ಸೇರುತ್ತ ಹೋಯಿತು. 1793ರಲ್ಲಿ ತೀರಿಕೊಳ್ಳುವವರೆಗೂ ಈ ಅಭ್ಯಾಸವನ್ನು ಬಿಡಲಿಲ್ಲ. ಎರೆಹುಳು ಮಣ್ಣನ್ನು ಸಡಿಲ ಮಾಡುತ್ತದೆ, ಅದಿಲ್ಲದಿದ್ದರೆ ಭೂಮಿ ಗಟ್ಟಿಯಾಗಿ ಬರಡಾಗುತ್ತದೆ ಎಂದು ಅವನು ಆಗಲೇ ಕಂಡುಕೊಂಡಿದ್ದನು. 1783ರ ಬೇಸಿಗೆಯಲ್ಲಿ ಮಟಮಟ ಮಧ್ಯಾಹ್ನವೂ ಸೂರ್ಯನನ್ನು ಮಂಕಾಗಿಸಿದ ಒಂದು ವಿಚಿತ್ರ ಮಬ್ಬನ್ನು ಕಂಡಂತೆಯೇ ಬರೆದಿಟ್ಟನು. ಅದು ಐಸ್‌ಲ್ಯಾಂಡ್ ದ್ವೀಪದ ಲಾಕಿ ಜ್ವಾಲಾಮುಖಿಯಿಂದ ಬಂದ ಮಬ್ಬು. ಅವನ ಬರಹ ಇಂದಿಗೂ ವಿಜ್ಞಾನಿಗಳಿಗೆ ಸಾಕ್ಷಿಯಾಗಿದೆ. ಅವನು ಮಾಡಿದ್ದು ಇಷ್ಟೇ: ತನ್ನ ಊರಿನಲ್ಲಿ ಕಂಡದ್ದನ್ನು ತಪ್ಪದೆ ಬರೆದನು.

ಏನೇನು ಬರೆಯಬೇಕು?

ದಿನಕ್ಕೆ ಐದು ಸಾಲು ಸಾಕು. ಒಂದು, ಮಳೆ. ಎರಡು, ಹೊಲದ ಕೆಲಸ ಮತ್ತು ಆಳು. ಮೂರು, ದನಕರು. ನಾಲ್ಕು, ಬಂದ ಹಣ, ಹೋದ ಹಣ, ಸಂತೆಯ ದರ. ಐದು, ಆ ದಿನ ಕಂಡ ಅಥವಾ ಕೇಳಿದ ಯಾವುದಾದರೂ ಒಂದು ಸಂಗತಿ. ಮಾದರಿಗೆ ಒಂದು ದಿನದ ಬರಹ:

ಜುಲೈ 14. ಪುನರ್ವಸು ಮಳೆ, 22 ಮಿ.ಮೀ. ಕೆರೆ ಹಿಂದಿನ ಹೊಲಕ್ಕೆ ರಾಗಿ ಬಿತ್ತನೆ, ಆಳು ನಾಲ್ಕು. ಕರಿ ಹಸು ಬೆದೆಗೆ ಬಂತು. ಹಸಿಮೆಣಸಿನಕಾಯಿ ಕಿಲೋಗೆ 40 ರೂ. ಬೇವಿನ ಮರದಲ್ಲಿ ಗೀಜಗ ಗೂಡು ಕಟ್ಟುತ್ತಿದೆ.

ಹಸು ಸಾಮಾನ್ಯವಾಗಿ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಜುಲೈ 14 ಎಂದು ಬರೆದಿದ್ದರೆ ಆಗಸ್ಟ್ 4ರ ಆಸುಪಾಸಿನಲ್ಲಿ ಕಣ್ಣಿಟ್ಟಿರಬಹುದು. ಎಮ್ಮೆ ಸಾಕಿದವರು ಗಬ್ಬಕ್ಕೆ ಸುಮಾರು 310 ದಿನ ಎಣಿಸಬೇಕು. ಬೆಳೆ ವಿಮೆ ಮಾಡಿಸಿದವರು ಆಲಿಕಲ್ಲು ಮಳೆಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಅಲ್ಲಿಯೂ ತಾರೀಖು ಕೇಳುತ್ತಾರೆ.

ಐದನೆಯ ಸಾಲು ಏತಕ್ಕೆಂದು ಕೆಲವರು ನಗುತ್ತಾರೆ. ಹೊಂಗೆ ಚಿಗುರಿದ್ದು, ಮಾವು ಹೂ ಬಿಟ್ಟಿದ್ದು, ಬಾವಿಯ ನೀರು ಒಂದು ಮೆಟ್ಟಿಲು ಇಳಿದದ್ದು, ಮಗಳು ಮೊದಲ ಸಲ ಸೈಕಲ್ ತುಳಿದದ್ದು, ಇವೆಲ್ಲ ಅಂದಿಗೆ ಸಣ್ಣ ಸಂಗತಿಗಳೇ. ಮೂರು ವರ್ಷದ ಹೂವಿನ ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಹವೆ ಹೇಗೆ ಹಿಂದುಮುಂದಾಗುತ್ತಿದೆ ಎಂಬುದು ಕಾಣುತ್ತದೆ. ಅಷ್ಟೇ ಅಲ್ಲ, ಬರೀ ಲೆಕ್ಕದ ಪುಸ್ತಕವನ್ನು ಯಾರೂ ಮತ್ತೆ ತೆರೆಯುವುದಿಲ್ಲ. ಮನೆಯ ಮಾತೂ ಇದ್ದರೆ ಎಲ್ಲರೂ ಓದಿ ಕೇಳುತ್ತಾರೆ.

ಮಳೆ ಅಳೆಯುವ ಬಗೆ

ಬಾಯಿಯೂ ತಳವೂ ಒಂದೇ ಅಗಲವಿರುವ, ಮಟ್ಟಸ ತಳದ ಒಂದು ಡಬ್ಬವನ್ನು ಮರ, ಸೂರು ಇಲ್ಲದ ಬಯಲಿನಲ್ಲಿ ಅಲುಗಾಡದಂತೆ ನೆಟ್ಟಗೆ ಇಡಿ. ದಿನವೂ ಬೆಳಗ್ಗೆ ಎಂಟೂವರೆಗೆ ಮಕ್ಕಳ ಸ್ಕೇಲನ್ನು ಇಳಿಸಿ ನೀರಿನ ಆಳ ನೋಡಿ. ಒಂದು ಸಣ್ಣ ಗೆರೆಯೆಂದರೆ 1 ಮಿ.ಮೀ. ಹವಾಮಾನ ಇಲಾಖೆಯವರು ಅಳೆಯುವುದೂ ಇದೇ ಹೊತ್ತಿಗೆ. ಅಳೆದ ಮೇಲೆ ನೀರು ಚೆಲ್ಲಿ ಡಬ್ಬವನ್ನು ಮತ್ತೆ ಇಡಿ. ಒಂದು ಎಕರೆಗೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು ಬಿದ್ದಂತೆ.

ಹೊತ್ತು ತಪ್ಪಬಾರದು

ಬರೆಯಲು ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಿ. ಸಂಜೆ ಹಾಲು ಕರೆದ ಮೇಲೆ, ಊಟಕ್ಕೆ ಮೊದಲು, ಹತ್ತು ನಿಮಿಷ ಸಾಕು. ಪುಸ್ತಕಕ್ಕೆ ದಾರ ಕಟ್ಟಿ, ಪೆನ್ನಿನೊಡನೆ ಒಂದೇ ಮೊಳೆಗೆ ನೇತುಹಾಕಿ. ಬರಹ ಬಾರದವರು ಹೇಳಲಿ, ಶಾಲೆಗೆ ಹೋಗುವ ಮಕ್ಕಳು ಬರೆಯಲಿ. ಕೊಟ್ಟಿಗೆಯ ಸಂಗತಿ ಹೆಂಗಸರಿಗೇ ಹೆಚ್ಚು ಗೊತ್ತು, ಅವರನ್ನು ಕೇಳದೆ ಮೂರನೆಯ ಸಾಲು ಬರೆಯಬೇಡಿ. ಒಂದು ದಿನ ತಪ್ಪಿದರೆ ಆ ಜಾಗವನ್ನು ಖಾಲಿ ಬಿಡಿ, ಊಹಿಸಿ ತುಂಬಬೇಡಿ. ವಾರಕ್ಕೊಮ್ಮೆ, ಹಿಂದಿನ ವರ್ಷ ಇದೇ ವಾರ ಬರೆದದ್ದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿ. ಮೊಬೈಲಿನಲ್ಲಿಯೂ ಬರೆಯಬಹುದು. ಆದರೆ ಮೊಬೈಲು ಒಬ್ಬರ ಜೇಬಿನಲ್ಲಿರುತ್ತದೆ, ಮೊಳೆಯ ಮೇಲಿನ ಪುಸ್ತಕ ಮನೆಯವರೆಲ್ಲರದು.

ಮರುವರ್ಷ ನಮ್ಮ ಕೆಂದ ಹಸು ಮತ್ತೆ ಗಬ್ಬವಾಯಿತು. ತಾರೀಖು ಪುಸ್ತಕದಲ್ಲಿತ್ತು. ದಿನ ಹತ್ತಿರ ಬಂದಾಗ ಅಪ್ಪ ಟಾರ್ಚು ಹಿಡಿದು ಆರು ರಾತ್ರಿ ಕೊಟ್ಟಿಗೆಯಲ್ಲೇ ಮಲಗಿದರು. ಏಳನೆಯ ದಿನ ಬೆಳಗಿನ ಜಾವ ಕರು ಬಂತು. ಅಂದಿನ ಐದನೆಯ ಸಾಲನ್ನು ಅಪ್ಪ ತಾವೇ ಬರೆದಿದ್ದಾರೆ: "ಹೆಣ್ಣು ಕರು. ಎದ್ದು ನಿಂತಿತು."

ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ. ಸಾಲು ಸಾಲು ಗೂಡಿದರೆ ನಿಮ್ಮ ಹೊಲದ ವಿದ್ಯೆ ನಿಮ್ಮ ಮನೆಯಲ್ಲೇ ಉಳಿಯುತ್ತದೆ. ಯುಗಾದಿ ಬರಲೆಂದು ಕಾಯಬೇಡಿ, ಇಂದು ಸಂಜೆಯೇ ಮೊದಲನೆಯ ಸಾಲು ಬರೆಯಿರಿ. ನಾನು ನಿಮ್ಮ ಊರಿಗೆ ಬಂದಾಗ ಆ ಪುಸ್ತಕವನ್ನು ತೋರಿಸಿರಿ. ಇಬ್ಬರೂ ಕುಳಿತು ಓದೋಣ.